ಮನೆಯವರಲ್ಲದವರ ದುಃಖ

ಈ ಅಂಕಣದಲ್ಲಿ ನಾವು ಸಾಮಾನ್ಯವಾಗಿ ಋತುಚರ್ಯೆ, ಪಥ್ಯಾಪಥ್ಯ, ಮನೆಮದ್ದುಗಳನ್ನು ಕುರಿತು ಬರೆಯುತ್ತ ಬಂದಿದ್ದೇವೆ. ಕಳೆದ ಸಂಚಿಕೆಯಲ್ಲಿ ಮಳೆಗಾಲದ ಅಗ್ನಿಮಾಂದ್ಯದ ವಿಷಯ ಮುಗಿಸಿ, ಮುಂದಿನ ತಿಂಗಳು ಸಂಧಿವಾತವನ್ನು ಎತ್ತಿಕೊಳ್ಳುವುದಾಗಿ ಹೇಳಿದ್ದೆವು. ಆ ಮಾತನ್ನು ಈಗ ನಡೆಸಿಕೊಡಲಾಗುತ್ತಿಲ್ಲ, ಸದ್ಭಕ್ತರು ಮನ್ನಿಸಬೇಕು. ಮೊಣಕಾಲು ನೋವಿನವರು ಇನ್ನೊಂದು ತಿಂಗಳು ತಾಳಬಲ್ಲರು. ಈ ಬರಹ ಯಾರನ್ನು ಕುರಿತದ್ದೋ ಅವರನ್ನು ಕಾಯಿಸುವುದು ಸರಿಯಲ್ಲವೆಂದು ನಮಗೆ ತೋರಿತು.

ಕೆಲವು ವಾರಗಳ ಹಿಂದೆ 19 ವರ್ಷದ ಯುವಕನೊಬ್ಬನು ತಾಯಿಯೊಡನೆ ನಮ್ಮ ಚಿಕಿತ್ಸಾಲಯಕ್ಕೆ ಬಂದನು. ಅವನ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಇಲ್ಲಿ ಬರೆಯುತ್ತಿದ್ದೇವೆ. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆಸಿ, ಹೃದಯದಲ್ಲಿ ಯಾವ ದೋಷವೂ ಇಲ್ಲವೆಂಬ ಚೀಟಿಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡಿದ್ದನು. “ಎದಿ ಮ್ಯಾಲೆ ಕಲ್ಲ ಹೇರಿದಂಗ ಆಗತೈತ್ರೀ ಸರ” ಎಂದಷ್ಟೇ ಹೇಳಿದನು. ಉಳಿದದ್ದನ್ನೆಲ್ಲ ತಾಯಿಯೇ ಹೇಳಿದರು: ಊಟ ಸೇರುವುದಿಲ್ಲ, ರಾತ್ರಿ ಮಾಳಿಗೆಯ ಮೇಲೆ ಒಬ್ಬನೇ ಕುಳಿತಿರುತ್ತಾನೆ, ಐಟಿಐಗೆ ಹೋಗುವುದನ್ನು ಬಿಟ್ಟಿದ್ದಾನೆ. ನಾಡಿ ನೋಡಿದೆವು, ನಾಲಗೆ ನೋಡಿದೆವು. ತಾಯಿಯನ್ನು ಔಷಧಿ ಕಟ್ಟಿಸಲು ಹೊರಗೆ ಕಳುಹಿಸಿ, ಬಾಗಿಲನ್ನು ಅರೆ ಮುಂದೆ ಮಾಡಿ ಸುಮ್ಮನೆ ಕುಳಿತೆವು. ಬಹಳ ಹೊತ್ತಿನ ಮೇಲೆ ಅವನು ಹೇಳಿದನು: “ನನ್ನ ದೋಸ್ತ ಹೋಗಿ ನಾಕ ತಿಂಗಳಾತ್ರಿ. ಅವನ ಕುಣಿ ತೋಡೂ ಮುಂದ ಸಲಿಕಿ ಹಿಡದಾಂವ ನಾನ್ರಿ. ಮಣ್ಣ ಕೊಟ್ಟು ಬಂದ ಮ್ಯಾಲೆ ನನ್ನ ಯಾರೂ ಒಂದ ಮಾತ ಕೇಳಲಿಲ್ಲ.”

ಯಾರೂ ಕೇಳಲಿಲ್ಲ ಎಂಬುದು ಪೂರ್ತಿ ನಿಜವಲ್ಲವೆಂದು ಮುಂದೆ ತಿಳಿಯಿತು. ಕೇಳಿದವರು ಇಬ್ಬರಿದ್ದರು. ಅಸಹಜ ಸಾವಿನ ಪ್ರಕರಣವಾದುದರಿಂದ ಹೇಳಿಕೆ ಬರೆದುಕೊಳ್ಳಲು ಪೊಲೀಸರು ಕೇಳಿದ್ದರು. ಕೊನೆಯ ಕರೆ ಯಾರಿಗೆ ಹೋಗಿತ್ತೆಂದು ಅವನ ಮೊಬೈಲನ್ನು ನೋಡಿದ್ದರು. ಎರಡನೆಯವರು ತೀರಿಕೊಂಡ ಹುಡುಗನ ತಂದೆ. ಸಮಾಧಿಯ ಬಳಿಯಲ್ಲಿಯೇ ಇವನ ಅಂಗಿ ಹಿಡಿದು, “ನಿನಗ ಗೊತ್ತಿತ್ತಲ್ಲೋ” ಎಂದು ಕೇಳಿದ್ದರು. ಆ ದಿನದಿಂದ ಇವನು ಆ ಓಣಿಗೆ ಹೋಗಿಲ್ಲ. ಬಸ್ ನಿಲ್ದಾಣಕ್ಕೆ ಊರೊಳಗಿಂದ ಹತ್ತು ನಿಮಿಷದ ದಾರಿ. ಅದನ್ನು ಬಿಟ್ಟು ಕಾಲುವೆಯ ಏರಿಯ ಮೇಲೆ ಬಳಸಿಕೊಂಡು ಹೋಗುತ್ತಾನೆ.

ಇಂತಹ ಸಾವು ಸಂಭವಿಸಿದಾಗ ನಾವೆಲ್ಲರೂ ತಾಯಿತಂದೆಗಳನ್ನು ನೆನೆದು ಮರುಗುತ್ತೇವೆ. ಅದು ಸಹಜವೂ ಹೌದು, ಉಚಿತವೂ ಹೌದು. ಆದರೆ ಆ ಹುಡುಗನೊಡನೆ ಅಂಗನವಾಡಿಯಿಂದ ಕೂಡಿ ಬೆಳೆದ, ಒಂದೇ ಬೆಂಚಿನಲ್ಲಿ ಕುಳಿತ, ಒಂದೇ ಮೋಟಾರು ಸೈಕಲ್ಲಿನಲ್ಲಿ ಜಾತ್ರೆ ಸುತ್ತಿದ ಗೆಳೆಯರನ್ನು ನಾವು ದುಃಖಿತರ ಲೆಕ್ಕದಲ್ಲಿ ಹಿಡಿಯುವುದೇ ಇಲ್ಲ. ನಮ್ಮ ಶಿವಗಣಾರಾಧನೆಯ ಪತ್ರಿಕೆಗಳನ್ನೇ ತೆಗೆದು ನೋಡಬಹುದು. ‘ದುಃಖತಪ್ತರು’ ಎಂಬ ತಲೆಬರಹದ ಕೆಳಗೆ ತಂದೆ, ತಾಯಿ, ಅಣ್ಣತಮ್ಮಂದಿರು, ಅಳಿಯಂದಿರು, ಬೀಗರು ಎಲ್ಲರ ಹೆಸರೂ ಅಚ್ಚಾಗಿರುತ್ತದೆ. ಕಟ್ಟಕಡೆಗೆ ‘ಹಾಗೂ ಬಂಧುಮಿತ್ರರು’ ಎಂದು ಒಂದು ಮಾತು. ಆ ಸಮಾಸದ ಉತ್ತರಾರ್ಧದಲ್ಲಿ ಸಿಕ್ಕಷ್ಟು ಜಾಗವೇ ಗೆಳೆಯನಿಗೆ ನಮ್ಮ ಆಚಾರದಲ್ಲಿರುವ ಜಾಗ. ಅವನಿಗೆ ದುಃಖದ ದಿನಗಳ ಎಣಿಕೆಯಿಲ್ಲ. ಮನೆಗೆ ಬುತ್ತಿ ತಂದು ಉಣ್ಣಿಸುವವರಿಲ್ಲ. ಕೆಲಸಕ್ಕೆ, ಕಾಲೇಜಿಗೆ ಮರುದಿನವೇ ಹೊರಡಬೇಕು. ಸಾವು ವೃದ್ಧಾಪ್ಯದ್ದಾಗಿದ್ದರೆ, ರೋಗದ್ದಾಗಿದ್ದರೆ ಇದು ಹೇಗೋ ನಡೆದುಹೋಗುತ್ತದೆ. ಪ್ರಾಯದ ಹುಡುಗನೊಬ್ಬ ತನ್ನ ಬಾಳನ್ನು ತಾನೇ ಮುಗಿಸಿಕೊಂಡಾಗ ನಡೆಯುವುದಿಲ್ಲ.

ಏಕೆ ನಡೆಯುವುದಿಲ್ಲವೆಂಬುದು ನಾವು ಬಳಸುವ ಪದದಲ್ಲಿಯೇ ಇದೆ. ಆತ್ಮಹತ್ಯೆ ಎನ್ನುತ್ತೇವೆ. ಹತ್ಯೆ ಎಂದೊಡನೆ ಹಂತಕನನ್ನು ಹುಡುಕುವುದು ಮನುಷ್ಯಸ್ವಭಾವ. ಹತನೂ ಹಂತಕನೂ ಒಬ್ಬನೇ ಆಗಿ, ಅವನೂ ಮಣ್ಣು ಸೇರಿದ ಮೇಲೆ, ಉಳಿದವರಲ್ಲಿ ಯಾರ ಮೇಲಾದರೂ ಆ ಹೊಣೆಯನ್ನು ಹೊರಿಸದೆ ಊರಿಗೆ ಸಮಾಧಾನವಾಗುವುದಿಲ್ಲ. ಇಂಥವರ ಸಹವಾಸದಿಂದಲೇ ಕೆಟ್ಟ, ಇವರಿಗೆಲ್ಲ ಗೊತ್ತಿತ್ತು, ಬಾಯಿ ಬಿಡಲಿಲ್ಲ ಎಂಬ ಮಾತುಗಳು ಕಟ್ಟೆಯ ಮೇಲೆ ಹುಟ್ಟುತ್ತವೆ. ಆಶ್ಚರ್ಯವೆಂದರೆ, ಆ ಹುಡುಗರು ಅದನ್ನು ಅಲ್ಲಗಳೆಯುವುದಿಲ್ಲ. ಊರು ಹೇಳುವುದಕ್ಕೆ ಮೊದಲೇ ಅವರು ತಮ್ಮ ಮೇಲೆ ತಾವೇ ತೀರ್ಪು ಕೊಟ್ಟುಕೊಂಡಿರುತ್ತಾರೆ. ನಾವು ಕಂಡ ಯುವಕನು ಆ ರಾತ್ರಿ ಬಂದ ಕರೆಯನ್ನು ಎತ್ತಿರಲಿಲ್ಲ. ನಿದ್ದೆ ಬಂದಿತ್ತು, ಅಷ್ಟೆ. ಹತ್ತೊಂಬತ್ತರ ವಯಸ್ಸಿನಲ್ಲಿ ರಾತ್ರಿ ಹನ್ನೊಂದಕ್ಕೆ ನಿದ್ದೆ ಬರುವುದು ಆರೋಗ್ಯದ ಲಕ್ಷಣವೆಂದು ನಾವೇ ಈ ಅಂಕಣದಲ್ಲಿ ಬರೆದಿದ್ದೇವೆ. ಅವನಿಗೆ ಈಗ ನಿದ್ದೆಯೆಂಬುದೇ ಅಪರಾಧವಾಗಿದೆ.

ಪಟ್ಟಣದ ಹುಡುಗನಿಗೂ ಇದೇ ದುಃಖ. ಆದರೆ ಅವನು ಹಾಸ್ಟೆಲು ಬದಲಿಸಬಹುದು, ಬೇರೆ ಬಸ್ಸು ಹಿಡಿಯಬಹುದು. ಇನ್ನೂರು ಮನೆಗಳ ಹಳ್ಳಿಯಲ್ಲಿ ಅದು ಸಾಧ್ಯವಿಲ್ಲ. ಅದೇ ಹೊಲದ ಬದು, ಅದೇ ಕೆರೆಯ ದಂಡೆ, ಅದೇ ಕ್ರಿಕೆಟ್ ಆಡುವ ಬಯಲು. ತೀರಿಕೊಂಡವನ ತಾಯಿ ದಿನವೂ ನೀರಿಗೆ ಬರುವಾಗ ಎದುರಾಗುತ್ತಾರೆ. ಗಣೇಶೋತ್ಸವದ ಪಟ್ಟಿ ಎತ್ತುವಾಗ ಒಬ್ಬನ ಹೆಸರು ಕಡಿಮೆಯಾಗಿರುತ್ತದೆ. ಅದನ್ನು ಯಾರೂ ಆಡುವುದಿಲ್ಲ, ಎಲ್ಲರೂ ಎಣಿಸುತ್ತಾರೆ. ಓದಿಗೆ, ದುಡಿಮೆಗೆ ಬೆಂಗಳೂರು, ಪುಣೆ ಸೇರಿದ ಓರಗೆಯವರು ಮಣ್ಣಿಗೆ ಬಂದು ಮರುದಿನ ಹೋಗಿಬಿಡುತ್ತಾರೆ. ಊರಲ್ಲುಳಿದ ಮೂರು ನಾಲ್ಕು ಜನರ ಪಾಲಿಗೆ ಇಡೀ ಊರೇ ಸಮಾಧಿಯಂತಾಗುತ್ತದೆ.

ಹೆಣ್ಣುಮಕ್ಕಳ ವಿಷಯವನ್ನು ಇನ್ನಷ್ಟು ಸಂಕೋಚದಿಂದ ಬರೆಯಬೇಕಾಗಿದೆ. ತೀರಿಕೊಂಡವಳು ಗೆಳತಿಯಾಗಿದ್ದರೆ, ಅದರ ಹಿಂದೆ ಏನೋ ಇರಬೇಕೆಂಬ ಪಿಸುಮಾತು ಅವಳ ಜೊತೆಗಾತಿಯರನ್ನೂ ಸುತ್ತಿಕೊಳ್ಳುತ್ತದೆ. ಮುಂದಿನ ಕ್ರಮವೆಂದರೆ ಅವರನ್ನು ಕಾಲೇಜು ಬಿಡಿಸುವುದು, ಅವಸರದಲ್ಲಿ ಗಂಡು ನೋಡುವುದು. ಗೆಳತಿಯನ್ನು ಕಳೆದುಕೊಂಡ ಮಗಳಿಗೆ ಓದನ್ನೂ ಕಳೆದುಕೊಳ್ಳುವ ಶಿಕ್ಷೆ. ತೀರಿಕೊಂಡವನು ಸಹಪಾಠಿ ಹುಡುಗನಾಗಿದ್ದರಂತೂ ಅವಳು ಅಳುವ ಹಾಗೆಯೇ ಇಲ್ಲ. ಅತ್ತರೆ ಪ್ರಶ್ನೆಗಳು ಏಳುತ್ತವೆ. ಹೀಗೆ ಒಳಗೊಳಗೆ ನುಂಗಿಕೊಂಡ ಹುಡುಗಿಯರು ತಲೆನೋವು, ಮುಟ್ಟಿನ ಏರುಪೇರು, ಪದೇ ಪದೇ ಬವಳಿ ಬರುವುದು ಎಂದು ನಮ್ಮಲ್ಲಿಗೆ ಬರುತ್ತಾರೆ. ತಾಯಂದಿರು ರಕ್ತ ಕಡಿಮೆಯಾಗಿದೆಯೇ ನೋಡಿರಿ ಎನ್ನುತ್ತಾರೆ. ರಕ್ತವನ್ನೂ ನೋಡಬೇಕು, ನಿಜ.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಹೇಳಿಬಿಡುವುದು ಒಳಿತು. ಹಲವು ವರ್ಷಗಳ ಹಿಂದೆ ಪಿಯುಸಿ ಓದುವ ಹುಡುಗನೊಬ್ಬನು ಒಂದೇ ತಿಂಗಳಲ್ಲಿ ಮೂರು ಸಲ ಹೊಟ್ಟೆ ಕೆಟ್ಟು ಬಂದನು. ಮೂರು ಸಲವೂ ಕುಟಜಾರಿಷ್ಟ ಕೊಟ್ಟು, ಮಜ್ಜಿಗೆ ಅನ್ನ ಹೇಳಿ ಕಳುಹಿಸಿದೆವು. ಭಯದಿಂದಲೂ ಶೋಕದಿಂದಲೂ ಅತಿಸಾರ ಹುಟ್ಟುವುದೆಂದು ಚರಕಸಂಹಿತೆ ಸ್ಪಷ್ಟವಾಗಿ ಹೇಳುತ್ತದೆ. ಅದನ್ನು ಪರೀಕ್ಷೆಗೆ ಬಾಯಿಪಾಠ ಮಾಡಿ ಅಂಕ ಪಡೆದವರು ನಾವು. ಆದರೂ ಕೇಳಲಿಲ್ಲ. ಮುಂದೆ ಒಂದು ವರ್ಷದ ನಂತರ ಅವನ ತಾಯಿ ಬೇರೆ ಕಾರಣಕ್ಕೆ ಬಂದಾಗ, ಆ ದಿನಗಳಲ್ಲಿ ಅವನ ಬೆಂಚಿನ ಜೊತೆಗಾರ ಪ್ರಾಣ ಕಳೆದುಕೊಂಡಿದ್ದನೆಂದೂ, ಇವನು ಪರೀಕ್ಷೆಗೆ ಕೂರಲಿಲ್ಲವೆಂದೂ, ಈಗ ಗೋವಾದ ಕಡೆ ಲಾರಿಯ ಮೇಲೆ ಹೋಗುತ್ತಾನೆಂದೂ ಹೇಳಿದರು. ಬದುಕಿದ್ದಾನೆ, ದುಡಿಯುತ್ತಿದ್ದಾನೆ, ಆ ಮಟ್ಟಿಗೆ ಶಿವನ ಕೃಪೆ. ಆದರೆ ಮೂರು ಸಲ ನಮ್ಮ ಎದುರಿಗೆ ಕುಳಿತಿದ್ದ ಮುಖವನ್ನು ಬಿಟ್ಟು ಹೊಟ್ಟೆಯನ್ನೊಂದೇ ನೋಡಿದೆವೆಂಬುದನ್ನು ನಾವು ಮರೆತಿಲ್ಲ.

ಚರಕಸಂಹಿತೆಯ ಸೂತ್ರಸ್ಥಾನದ 7ನೆಯ ಅಧ್ಯಾಯ ವೇಗಗಳನ್ನು ಕುರಿತದ್ದು. ಹಸಿವು, ನೀರಡಿಕೆ, ನಿದ್ರೆ, ಸೀನು ಮೊದಲಾದ 13 ವೇಗಗಳನ್ನು ತಡೆಯಬಾರದೆಂದು ಅಲ್ಲಿ ವಿಧಿಸಿದೆ. ಆ ಹದಿಮೂರರಲ್ಲಿ ಕಣ್ಣೀರೂ ಒಂದು. ಕಣ್ಣೀರನ್ನು ತಡೆದರೆ ನೆಗಡಿ, ಕಣ್ಣಿನ ಬೇನೆ, ಹೃದ್ರೋಗ, ಅರುಚಿ, ತಲೆಸುತ್ತು ಬರುವುವೆಂದು ಅಲ್ಲಿಯೇ ಹೇಳಿದೆ. ಎದೆಯ ಮೇಲಿನ ಕಲ್ಲು, ಊಟ ಸೇರದಿರುವುದು ಎಂದು ಆ ಯುವಕ ಹೇಳಿದ್ದು ಹೆಚ್ಚುಕಡಿಮೆ ಈ ಪಟ್ಟಿಯೇ ಆಗಿತ್ತು. ಇದಕ್ಕೆ ಅಲ್ಲಿ ಹೇಳಿರುವ ಉಪಚಾರ ಮೂರು: ನಿದ್ರೆ, ಮದ್ಯ, ಪ್ರಿಯವಾದ ಮಾತುಕತೆ. ನಡುವಿನದನ್ನು ಕೈಬಿಡುತ್ತೇವೆ. ಹಳೆಯ ಕಾಲದ ಔಷಧೀಯ ಮದ್ಯದ ಮಾತು ಏನೇ ಇರಲಿ, ಗೆಳೆಯನ ನೆನಪಿನಲ್ಲಿ ಹೊಲದ ಪಂಪ್‌ಸೆಟ್ ಮನೆಯ ಹಿಂದೆ ನಮ್ಮ ಹುಡುಗರು ಕುಡಿಯುವ ಕುಡಿತ ದುಃಖವನ್ನು ಇಳಿಸುವುದಿಲ್ಲ. ತಡೆಯುವ ಬುದ್ಧಿಯನ್ನು ಮಾತ್ರ ಇಳಿಸುತ್ತದೆ. ಮನಸ್ಸು ಕುಗ್ಗಿದ ಹೊತ್ತಿನಲ್ಲಿ ಅದಕ್ಕಿಂತ ಅಪಾಯಕಾರಿಯಾದ ವಸ್ತು ಮತ್ತೊಂದಿಲ್ಲ.

ಆದರೆ ಅದೇ ಅಧ್ಯಾಯದಲ್ಲಿ, ಸ್ವಲ್ಪ ಮುಂದೆ, ತಡೆಯಲೇಬೇಕಾದ ವೇಗಗಳ ಪಟ್ಟಿಯೂ ಇದೆ. ಲೋಭ, ಭಯ, ಕ್ರೋಧಗಳ ಜೊತೆಗೆ ಶೋಕವೂ ಅದರಲ್ಲಿ ಸೇರಿದೆ. ವಿದ್ಯಾರ್ಥಿಯಾಗಿದ್ದಾಗ ಇದು ನಮಗೆ ವಿರೋಧಾಭಾಸದಂತೆ ತೋರಿತ್ತು: ಕಣ್ಣೀರನ್ನು ತಡೆಯಬಾರದು, ಶೋಕವನ್ನು ತಡೆಯಬೇಕು, ಇದು ಹೇಗೆ? ಈ ವಯಸ್ಸಿಗೆ ಬಂದು ಅದರ ಅರ್ಥ ಸ್ವಲ್ಪ ಹೊಳೆದಿದೆ. ಕಣ್ಣೀರು ದೇಹದ್ದು, ಅದು ಹರಿದುಹೋಗಬೇಕು. ಶೋಕದ ವೇಗವೆಂಬುದು ಮನುಷ್ಯನನ್ನು ದುಡುಕಿನ ಮಾತಿಗೂ ದುಡುಕಿನ ಕೃತಿಗೂ ನೂಕುವ ಒತ್ತಡ. ಅದಕ್ಕೆ ಒಡ್ಡು ಬೇಕು. ನಮ್ಮ ಹಳ್ಳಿಗಳಲ್ಲಿ ನಡೆಯುತ್ತಿರುವುದು ತಲೆಕೆಳಗು. “ಗಂಡಸಾಗಿ ಅಳ್ತಿಯೇನೋ” ಎಂದು ಕಣ್ಣೀರನ್ನು ತಡೆಯುತ್ತೇವೆ, ಒತ್ತಡಕ್ಕೆ ಮಾತ್ರ ಒಡ್ಡು ಕಟ್ಟದೆ ಬಿಡುತ್ತೇವೆ. ಹತ್ತೊಂಬತ್ತರ ಹುಡುಗನು ಒಬ್ಬನೇ ಆ ಒಡ್ಡನ್ನು ಕಟ್ಟಿಕೊಳ್ಳಲಾರನು. ಅದಕ್ಕೆ ನಾಲ್ಕು ಜನರ ಕೈ ಬೇಕು.

ಇದು ಕೇವಲ ಗ್ರಂಥದ ಮಾತಲ್ಲ. 2022ನೆಯ ಇಸವಿಯೊಂದರಲ್ಲಿಯೇ ನಮ್ಮ ದೇಶದಲ್ಲಿ 1,70,924 ಜನರು ಹೀಗೆ ತೀರಿಕೊಂಡರೆಂದು ರಾಷ್ಟ್ರೀಯ ಅಪರಾಧ ದಾಖಲೆ ಸಂಸ್ಥೆಯ ವರದಿ ತಿಳಿಸುತ್ತದೆ. ಅವರಲ್ಲಿ 13,606 ಜನರು ಕರ್ನಾಟಕದವರು. ಇಂತಹ ಒಂದು ಸಾವು ಸುಮಾರು 135 ಜನರನ್ನು ಒಂದಲ್ಲ ಒಂದು ಬಗೆಯಲ್ಲಿ ತಟ್ಟುತ್ತದೆಂದು ಅಮೆರಿಕದ ಅಧ್ಯಯನವೊಂದು 2018ರಲ್ಲಿ ಅಂದಾಜು ಮಾಡಿತು. ಇನ್ನೂ ಮುಖ್ಯವಾದುದು 2016ರಲ್ಲಿ ಲಂಡನ್ನಿನ ಸಂಶೋಧಕರು ಪ್ರಕಟಿಸಿದ ಅಧ್ಯಯನ. ಆಪ್ತರನ್ನು ಕಳೆದುಕೊಂಡ 3,432 ಜನರನ್ನು, 18ರಿಂದ 40ರ ಒಳಗಿನವರನ್ನು, ಅವರು ವಿಚಾರಿಸಿದರು. ಹಠಾತ್ತಾಗಿ ರೋಗದಿಂದ ತೀರಿಕೊಂಡವರ ಆಪ್ತರಿಗೆ ಹೋಲಿಸಿದರೆ, ಹೀಗೆ ತೀರಿಕೊಂಡವರ ಆಪ್ತರಲ್ಲಿ ತಾವೂ ಅದೇ ದಾರಿ ಹಿಡಿಯಲೆತ್ನಿಸುವ ಸಂಭವ ಶೇಕಡಾ 65ರಷ್ಟು ಹೆಚ್ಚಾಗಿತ್ತು. ರಕ್ತಸಂಬಂಧಿಯೇ ಆಗಿರಲಿ, ಗೆಳೆಯನೇ ಆಗಿರಲಿ, ಈ ಅಪಾಯದಲ್ಲಿ ಭೇದ ಕಾಣಲಿಲ್ಲ. ಜನರು ತಮ್ಮನ್ನು ಬೇರೆ ಕಣ್ಣಿನಿಂದ ನೋಡುತ್ತಾರೆಂಬ ಭಾವನೆಗೂ ಈ ಅಪಾಯಕ್ಕೂ ನಂಟಿರುವುದು ಅಲ್ಲಿ ಕಂಡುಬಂದಿತು. ಯಾರೂ ಗಾಬರಿಗೊಳ್ಳಬೇಕಾಗಿಲ್ಲ; ಹೀಗೆ ದುಃಖಕ್ಕೊಳಗಾದ ಬಹುತೇಕ ಯುವಕರು ಕಾಲಕ್ರಮದಲ್ಲಿ ಚೇತರಿಸಿಕೊಳ್ಳುತ್ತಾರೆ. ಆದರೆ ಆ ದೂರದ ದೇಶದ ಲೆಕ್ಕಾಚಾರ ನಮಗೊಂದು ಮಾತು ಹೇಳುತ್ತದೆ: ಗೆಳೆಯನನ್ನು ದುಃಖಿತರ ಪಟ್ಟಿಯಿಂದ ನಾವು ಬಿಟ್ಟರೂ ದುಃಖವು ಅವನನ್ನು ಬಿಟ್ಟಿಲ್ಲ, ಮತ್ತು ನಮ್ಮ ಮೌನ ಅದನ್ನು ಹೆಚ್ಚಿಸುತ್ತದೆ.

ಲಿಂಗಾಯತರಾದ ನಮಗೆ ಈ ಮೌನ ಒಪ್ಪತಕ್ಕದ್ದೂ ಅಲ್ಲ. ಜಾತಿ, ಜನನ, ಪ್ರೇತ, ರಜ, ಉಚ್ಛಿಷ್ಟವೆಂಬ ಪಂಚಸೂತಕಗಳನ್ನು ಶರಣರು ಕಿತ್ತೊಗೆದರು. ಸತ್ತವರ ಮನೆಗೆ ಮೈಲಿಗೆಯಿಲ್ಲವೆಂದು ಸಾರಿದ ಪರಂಪರೆ ನಮ್ಮದು. ಹೀಗಿದ್ದೂ ಇಂತಹ ಸಾವಾದ ಮನೆಗೆ ಮಾತ್ರ ಹೆಸರಿಲ್ಲದ ಆರನೆಯ ಸೂತಕವೊಂದನ್ನು ಆಚರಿಸುತ್ತಿದ್ದೇವೆ. ಶಿವಗಣಾರಾಧನೆಯನ್ನು ಬೇಗ ಮುಗಿಸುತ್ತಾರೆ, ಬರುವವರು ಕಡಿಮೆ, ಬಂದವರು ಸತ್ತವನ ಹೆಸರೆತ್ತದೆ ಎದ್ದು ಹೋಗುತ್ತಾರೆ. ಇದರ ಜೊತೆಗೆ ದೆವ್ವವಾಗಿ ತಿರುಗುತ್ತಾನೆಂಬ ಮಾತು. ಕೂಸು ವಯಸ್ಸಿನ ಗೆಳೆಯರಿಗೆ ತಾಯಿತ ಕಟ್ಟಿಸುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ನಿನ್ನೆಯವರೆಗೆ ಹೆಗಲ ಮೇಲೆ ಕೈ ಹಾಕಿ ನಡೆದವನನ್ನು ಇಂದು ಪಿಶಾಚಿಯೆಂದು ಹೆದರಬೇಕೆಂದರೆ ಆ ಎಳೆಯ ಮನಸ್ಸು ಏನಾಗಬೇಕು?

ಹಿರಿಯರ ಮತ್ತೊಂದು ಅಭ್ಯಾಸವನ್ನೂ ವಿನಯದಿಂದ ಆಕ್ಷೇಪಿಸಬೇಕಾಗಿದೆ. ಶರಣರು ಮರಣವನ್ನು ಹಬ್ಬವೆಂದು ಬಗೆದರು ಎಂಬ ಮಾತನ್ನು ಸಾಂತ್ವನಕ್ಕಾಗಿ ಎಲ್ಲ ಸಾವಿನ ಮನೆಗಳಲ್ಲಿಯೂ ಆಡುವುದು ರೂಢಿ. ಕಾಯಕ ಮಾಡಿ, ದಾಸೋಹ ನಡೆಸಿ, ತುಂಬಿದ ಬಾಳನ್ನು ಬಾಳಿ ಬಯಲಾದವರ ವಿಷಯದಲ್ಲಿ ಅದು ಸತ್ಯ. ಆದರೆ ಇಪ್ಪತ್ತರ ಹುಡುಗನೊಬ್ಬನು ಮನಸ್ಸಿನ ನೋವು ತಾಳಲಾರದೆ ಹೋದ ಮನೆಯಲ್ಲಿ, ಅವನ ಓರಗೆಯವರು ಗೋಡೆಗೊರಗಿ ನಿಂತಿರುವಾಗ, ಆ ಮಾತು ಬೇಡ. ನಾವು ಹೇಳುವುದು ಒಂದು, ಅವರ ಕಿವಿಗೆ ಬೀಳುವುದು ಇನ್ನೊಂದು. ಹಾಗೆಯೇ ಮಹಾಪಾಪ ಮಾಡಿದನೆಂಬ ಉಪದೇಶವೂ ಬೇಡ. ಕಾಯವನ್ನು ಕೈಲಾಸಕ್ಕೆ ಸಾಧನವೆಂದು ತಿಳಿದು ಕಾಪಾಡಿಕೊಳ್ಳಬೇಕೆಂಬುದು ನಮ್ಮ ಧರ್ಮ. ಅದನ್ನು ಬದುಕಿರುವವರಿಗೆ ಪ್ರೀತಿಯಿಂದ ಹೇಳಬೇಕು, ತೀರಿಕೊಂಡವನನ್ನು ಕಟಕಟೆಗೆ ನಿಲ್ಲಿಸಿ ಅಲ್ಲ.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದು ಕೇಳುವುದು. “ಏನಪ್ಪಾ, ಅವನ ನೆನಪಾಗತೈತೇನು?” ಎಂದು ಸತ್ತವನ ಹೆಸರು ಹಿಡಿದು ಕೇಳಬೇಕು. ಉತ್ತರ ಬರದಿದ್ದರೆ ಮತ್ತೊಂದು ದಿನ ಕೇಳಬೇಕು. ಮಗನು ಮಂಕಾಗಿ ಕುಳಿತಿದ್ದರೆ, “ನಿನಗೂ ಜೀವ ಬ್ಯಾಡ ಅನಿಸಿತೇನು?” ಎಂದು ನೇರವಾಗಿಯೇ ಕೇಳಬಹುದು. ಕೇಳಿದರೆ ಇಲ್ಲದ ಆಲೋಚನೆ ತಲೆಯಲ್ಲಿ ಹುಟ್ಟೀತೆಂದು ಬಹಳ ತಾಯಂದಿರು ಅಂಜುತ್ತಾರೆ. ಅದು ಸುಳ್ಳು ಭಯ. ಹಾಗೆ ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲವೆಂದು ಮನೋವೈದ್ಯರು ಪರೀಕ್ಷಿಸಿ ಕಂಡುಕೊಂಡಿದ್ದಾರೆ. ಕೇಳಿಸಿಕೊಳ್ಳುವವರೊಬ್ಬರು ಇದ್ದಾರೆಂದು ತಿಳಿದಾಗ ಭಾರ ಇಳಿಯುತ್ತದೆ. ಕೇಳಿದ ಮೇಲೆ ಉಪದೇಶ ಬೇಡ, ಬೇರೆ ಹುಡುಗರ ಹೋಲಿಕೆ ಬೇಡ. ಪಕ್ಕದಲ್ಲಿ ಕುಳಿತು ಒಂದೇ ತಾಟಿನಲ್ಲಿ ರೊಟ್ಟಿ ಮುರಿದರೂ ಸಾಕು.

“ನಾನು ಫೋನ್ ಎತ್ತಿದ್ದರೆ ಉಳಿಯುತ್ತಿದ್ದ” ಎಂಬ ಮಾತು ಬಂದಾಗ ಏನು ಹೇಳಬೇಕೆಂದು ನಮ್ಮನ್ನು ಕೇಳಿದವರುಂಟು. ಹಾಗೇನಿಲ್ಲ ಬಿಡು ಎಂದು ಒಂದೇ ಏಟಿಗೆ ತಳ್ಳಿಹಾಕಿದರೆ ಹುಡುಗನು ಬಾಯಿ ಮುಚ್ಚಿಕೊಳ್ಳುತ್ತಾನೆ. ನಾವು ಆ ಯುವಕನನ್ನು ಆ ರಾತ್ರಿಯ ವಿಷಯ ಬಿಟ್ಟು, ಅದಕ್ಕೆ ಮುಂಚಿನ ನೂರಾರು ರಾತ್ರಿಗಳ ವಿಷಯ ಕೇಳಿದೆವು. ಎಷ್ಟು ಸಲ ಅವನ ಕರೆ ಎತ್ತಿದ್ದೆ, ಎಷ್ಟು ಸಲ ಅವನ ಜೊತೆ ಕುಳಿತಿದ್ದೆ ಎಂದು. ಹೇಳುತ್ತ ಹೇಳುತ್ತ ಅತ್ತನು. ನಾವು ತಡೆಯಲಿಲ್ಲ. ಇಂತಹ ಸಾವಿಗೆ ಒಂದೇ ಕಾರಣವಿರುವುದು ವಿರಳ. ಸಾಲ, ಸೋಲು, ಪ್ರೇಮ, ಕುಡಿತ, ಗುರುತಿಸದೆ ಉಳಿದ ಮನೋರೋಗ ಹೀಗೆ ಹಲವು ಎಳೆಗಳು ಹೆಣೆದುಕೊಂಡಿರುತ್ತವೆ. ಇಂಥದ್ದೇ ಕಾರಣಕ್ಕೆ ಹೋದನೆಂದು ಊರವರು ತೀರ್ಮಾನಿಸುವುದೂ, ಎತ್ತದ ಕರೆಯೊಂದರಿಂದ ಹೋದನೆಂದು ಹುಡುಗ ತೀರ್ಮಾನಿಸುವುದೂ ಎರಡೂ ತಪ್ಪೇ.

ಊರ ಯುವಕ ಮಂಡಳಿಗಳಿಗೂ ಒಂದು ಮಾತು. ಗೆಳೆಯನ ಭಾವಚಿತ್ರದ ದೊಡ್ಡ ಫ್ಲೆಕ್ಸನ್ನು ಬಸ್ ನಿಲ್ದಾಣದಲ್ಲಿ ತಿಂಗಳುಗಟ್ಟಲೆ ನಿಲ್ಲಿಸುವುದು, ಸ್ಟೇಟಸ್ಸಿನಲ್ಲಿ ದಿನವೂ ದುಃಖದ ಹಾಡಿನೊಡನೆ ಅವನ ಚಿತ್ರ ಹಾಕುವುದು, ಹೇಗೆ ತೀರಿಕೊಂಡನೆಂದು ವರ್ಣಿಸುವುದು ಇವುಗಳನ್ನು ಬಿಡಿರಿ. ಅಂತಹ ವರ್ಣನೆ, ವೈಭವೀಕರಣಗಳು ಕುಗ್ಗಿದ ಮನಸ್ಸಿನ ಇತರ ಹುಡುಗರನ್ನು ಅದೇ ದಾರಿಗೆ ಸೆಳೆಯಬಲ್ಲವೆಂಬುದು ಬಹುಕಾಲದಿಂದ ತಿಳಿದ ಸಂಗತಿ. ನೆನಪನ್ನೇ ಬಿಡಿ ಎಂದು ನಾವು ಹೇಳುತ್ತಿಲ್ಲ. ಅವನ ಹೆಸರಿನಲ್ಲಿ ಶಾಲೆಯ ಅಂಗಳದಲ್ಲಿ ಬೇವಿನ ಸಸಿ ನೆಟ್ಟು ವರ್ಷವಿಡೀ ನೀರುಣಿಸಿರಿ. ಅವನ ಹೊಲದ ಬಿತ್ತನೆಗೆ ಹೋಗಿ ತಂದೆಗೆ ಕೈಗೂಡಿಸಿರಿ.

ಮನೆಯ ಹಿರಿಯರು ಗಮನಿಸಬೇಕಾದ ಕೆಲವು ಲಕ್ಷಣಗಳುಂಟು. ವಾರಗಳು ಕಳೆದರೂ ನಿದ್ದೆ ಬಾರದಿರುವುದು, ಕುಡಿತ ಹೆಚ್ಚುವುದು, ತನ್ನ ಪ್ರಿಯವಾದ ವಸ್ತುಗಳನ್ನು ಹಂಚಿಬಿಡುವುದು, ನಾನೂ ಅವನ ಹತ್ತಿರ ಹೋಗುತ್ತೇನೆಂಬ ಮಾತು, ಬಹಳ ದಿನ ಮಂಕಾಗಿದ್ದವನು ಇದ್ದಕ್ಕಿದ್ದಂತೆ ಶಾಂತನಾಗಿಬಿಡುವುದು. ತೀರಿಕೊಂಡವನ ಹುಟ್ಟುಹಬ್ಬ, ವರ್ಷದ ದಿನ, ಊರ ಜಾತ್ರೆ, ಪರೀಕ್ಷೆಯ ಫಲಿತಾಂಶದ ದಿನಗಳಲ್ಲಿ ಹೆಚ್ಚಿನ ಎಚ್ಚರ ಬೇಕು. ಇಂತಹ ಹುಡುಗನನ್ನು ಒಂಟಿಯಾಗಿ ಬಿಡಬಾರದು. ಬೆಳೆಗೆ ಹೊಡೆಯುವ ಔಷಧಿಗಳನ್ನು ಮನೆಯೊಳಗೆ ಇಡದೆ, ಹೊರಗೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಹಿರಿಯರು ಇಟ್ಟುಕೊಳ್ಳಬೇಕು. ಇದನ್ನು ಯಾವ ಮನೆಯವರಾದರೂ, ಯಾವಾಗಲಾದರೂ ಮಾಡಬೇಕಾದದ್ದು. ದುಡುಕಿನ ಗಳಿಗೆ ಬಹಳ ಹೊತ್ತು ನಿಲ್ಲುವುದಿಲ್ಲ. ಆ ಗಳಿಗೆಯಲ್ಲಿ ಕೈಗೆ ಏನೂ ಸಿಗದಂತೆ ಮಾಡಿದರೆ ಜೀವ ಉಳಿಯುತ್ತದೆ.

ಔಷಧಿಯ ವಿಷಯದಲ್ಲಿ ನಮ್ಮ ಮಿತಿಯನ್ನು ಮರೆಮಾಚುವುದಿಲ್ಲ. ನೆತ್ತಿಗೆ ಎಣ್ಣೆ, ಹೊತ್ತಿಗೆ ಸರಿಯಾಗಿ ಬಿಸಿ ಊಟ, ರಾತ್ರಿ ಹಾಲು, ಅಗತ್ಯವಿದ್ದರೆ ಅಶ್ವಗಂಧ, ಬ್ರಾಹ್ಮೀಘೃತ ಇವುಗಳನ್ನು ನಾವು ಕೊಡುತ್ತೇವೆ. ನಿದ್ದೆಗೆ, ದೇಹಬಲಕ್ಕೆ ನೆರವಾಗಲೆಂದು ಕೊಡುತ್ತೇವೆ. ಪೂಜ್ಯರ ಕೈಯಿಂದ ವಿಭೂತಿ ಪಡೆದು ಇಷ್ಟಲಿಂಗಪೂಜೆಯಲ್ಲಿ ಹತ್ತು ನಿಮಿಷ ಕೂರುವುದರಿಂದಲೂ ಮನಸ್ಸಿಗೆ ನೆಲೆ ಸಿಗುತ್ತದೆ. ಚರಕನು ದೈವವ್ಯಪಾಶ್ರಯ, ಯುಕ್ತಿವ್ಯಪಾಶ್ರಯ, ಸತ್ತ್ವಾವಜಯ ಎಂದು ಚಿಕಿತ್ಸೆಯನ್ನು ಮೂರು ಬಗೆಯಾಗಿ ಹೇಳಿದ್ದಾನಷ್ಟೆ. ಆದರೆ ಸಾಯಬೇಕೆನ್ನುವ ಆಲೋಚನೆ ಬಂದವನನ್ನು ಚೂರ್ಣ ಕೊಟ್ಟು ಮನೆಗೆ ಕಳುಹಿಸುವ ವೈದ್ಯ, ಅವನು ಯಾವ ಪದ್ಧತಿಯವನೇ ಆಗಿರಲಿ, ತಪ್ಪು ಮಾಡುತ್ತಾನೆ. ಅಂತಹವರನ್ನು ಮನೋವೈದ್ಯರಲ್ಲಿಗೆ ಕರೆದೊಯ್ಯಲೇಬೇಕು. 14416 ಎಂಬ ಟೆಲಿ ಮಾನಸ್ ಸಂಖ್ಯೆಗೆ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಶುಲ್ಕವಿಲ್ಲದೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ದುಃಖಿತನೂ ಮಾಡಬಹುದು, ಅವನ ಬಗ್ಗೆ ಚಿಂತೆಗೊಂಡವರೂ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಎಲ್ಲರಿಗೂ ತಿಳಿದವೇ. ಅಷ್ಟು ದೂರ ಹೋಗಲಾಗದವರು ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಬಹುದು. ಹಳ್ಳಿಯವರಿಗೆ ಹಳ್ಳಿಯ ಬಳಿಯೇ ಮಾನಸಿಕ ಚಿಕಿತ್ಸೆ ಕೊಡಬಹುದೆಂದು ನಿಮ್ಹಾನ್ಸ್ ಸಂಸ್ಥೆ 1980ರ ದಶಕದಲ್ಲಿ ತೋರಿಸಿಕೊಟ್ಟದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿಯೇ; 1996ರಲ್ಲಿ ದೇಶಕ್ಕೆಲ್ಲ ಬಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಪೊಲೀಸರ ಭಯದಿಂದ ಹಿಂಜರಿಯುವವರೂ ಉಂಟು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 115ನೆಯ ಕಲಮಿನ ಪ್ರಕಾರ, ಪ್ರಾಣ ಕಳೆದುಕೊಳ್ಳಲು ಯತ್ನಿಸಿದವನು ತೀವ್ರ ಮಾನಸಿಕ ಒತ್ತಡದಲ್ಲಿದ್ದನೆಂದೇ ಭಾವಿಸಬೇಕು. ಅವನಿಗೆ ಶಿಕ್ಷೆಯಲ್ಲ, ಸರ್ಕಾರದಿಂದ ಆರೈಕೆ ಸಲ್ಲಬೇಕು.

ಕೊನೆಯದಾಗಿ ಶ್ರೀಮಠದ ಸನ್ನಿಧಿಯಲ್ಲಿ ಒಂದು ಭಿನ್ನಹ. ಪ್ರತಿ ತಿಂಗಳು ಶಿವಾನುಭವ ಗೋಷ್ಠಿ ನಡೆಯುತ್ತದೆ. ವೇದಿಕೆಯ ಮೇಲೆ ನಮ್ಮಂಥ ನರೆತ ತಲೆಯವರು ಕುಳಿತಿರುತ್ತೇವೆ, ಮೈಕು ನಮ್ಮ ಮುಂದೆಯೇ ಇರುತ್ತದೆ. ಯುವಕರು ದಾಸೋಹದಲ್ಲಿ ಬಡಿಸುತ್ತಾರೆ, ಉಳಿದ ಹೊತ್ತು ಹೊರಗೆ ದ್ವಾರಬಾಗಿಲ ಬಳಿ ಮೊಬೈಲು ಹಿಡಿದು ನಿಂತಿರುತ್ತಾರೆ. ಅನುಭವ ಮಂಟಪದಲ್ಲಿ ಕಾಯಕದ ಜನರು ತಮ್ಮ ತಮ್ಮ ಅನುಭವವನ್ನು ತಾವೇ ಆಡಿದರೆಂದು ನಾವು ಭಾಷಣ ಮಾಡುತ್ತಿರುವಾಗ, ಆಡಬೇಕಾದ ಅನುಭವವಿರುವವರು ಹೊರಗಿರುತ್ತಾರೆ. ತಿಂಗಳಿಗೊಂದು ಸಂಜೆ ವೇದಿಕೆಯಿಲ್ಲದೆ, ಮೈಕಿಲ್ಲದೆ, ಚಾಪೆಯ ಮೇಲೆ, ಹೀಗೆ ಗೆಳೆಯ ಗೆಳತಿಯರನ್ನು ಕಳೆದುಕೊಂಡ ಮಕ್ಕಳು ಕುಳಿತು ಮಾತನಾಡಲು ಮಠದ ಹಿಂದಿನ ಪಡಸಾಲೆಯನ್ನು ಬಿಟ್ಟುಕೊಡಬೇಕು. ಹೆಣ್ಣುಮಕ್ಕಳಿಗೆ ಬೇರೆ ಸಂಜೆ, ಅಕ್ಕನ ಬಳಗದ ತಾಯಂದಿರ ಜೊತೆ. ಇಂತಹ ಸಾವಾದ ಮನೆಯ ಶಿವಗಣಾರಾಧನೆಗೆ ಪೂಜ್ಯರು ಬಿಜಯಂಗೈದಾಗ, ಆ ಗೆಳೆಯರನ್ನು ಹತ್ತಿರ ಕರೆದು ಮನೆಯವರ ಸಾಲಿನಲ್ಲಿ ಕೂರಿಸಬೇಕು. ಪತ್ರಿಕೆಯಲ್ಲಿ ಅವರ ಹೆಸರು ಅಚ್ಚಾಗದಿದ್ದರೂ ಚಿಂತೆಯಿಲ್ಲ. ಸಮಾಧಿಯ ಬಳಿ ಅಂಗಿ ಹಿಡಿದ ತಂದೆಗೂ ಆ ದಿನ ಎದುರಿಗೆ ಕುಳಿತವನು ತನ್ನಷ್ಟೇ ನೊಂದವನೆಂದು ಕಂಡೀತು. ಪೂಜ್ಯರಲ್ಲಿ ಇದನ್ನು ಮುಖತಃ ಅರಿಕೆ ಮಾಡಿಕೊಂಡಿದ್ದೇವೆ. ಬರುವ ಅಮಾವಾಸ್ಯೆಯ ಮರುದಿನ ಮೊದಲ ಸಂಜೆಯನ್ನು ನಡೆಸಲು ಅಪ್ಪಣೆಯಾಗಿದೆ. ಮನೋವೈದ್ಯರೊಬ್ಬರು ಜಿಲ್ಲಾ ಕೇಂದ್ರದಿಂದ ಬರಲೊಪ್ಪಿದ್ದಾರೆ. ನಾವು ಚಹದ ವ್ಯವಸ್ಥೆ ನೋಡಿಕೊಳ್ಳುತ್ತೇವೆ.

ಆ ಯುವಕನು ಈಗ ಹದಿನೈದು ದಿನಕ್ಕೊಮ್ಮೆ ಬರುತ್ತಾನೆ. ಧಾರವಾಡದ ವೈದ್ಯರು ಕೊಟ್ಟ ಮಾತ್ರೆಯನ್ನೂ ತಪ್ಪದೆ ನುಂಗುತ್ತಿದ್ದಾನೆ. ಕಳೆದ ವಾರ ಬಂದಾಗ ಕಾಲುವೆಯ ದಾರಿ ಬಿಟ್ಟು ಊರೊಳಗಿಂದಲೇ ಬಂದೆನೆಂದು ಹೇಳಿದನು. ಆ ಮನೆಯ ಮುಂದೆ ನಿಂತೆಯಾ ಎಂದು ನಾವು ಕೇಳಲಿಲ್ಲ. ಅಮಾವಾಸ್ಯೆಯ ಮರುದಿನ ಬರುತ್ತಾನಂತೆ. ಇನ್ನಿಬ್ಬರನ್ನು ಕರೆತರಬಹುದೇ ಎಂದು ಕೇಳಿದನು.